ಹಳದಿ ಕಲ್ಲಿನವರೆಗೆ

ನಾನು ಒಂದು ಬಾಡಿಗೆ ಕುದುರೆ. ನನ್ನ ಬೆನ್ನೇರಿದ ಗಿರಾಕಿಗಳು ಸಾವಿರಾರು ಜನ. ಅವರಲ್ಲಿ ಒಬ್ಬರೂ ನನ್ನಿಂದ ಎಲ್ಲಿಗೂ ತಲುಪಲಿಲ್ಲ. ಕೆರೆಯಂಗಳದಲ್ಲಿ ಹತ್ತಿದರು, ಹಳದಿ ಕಲ್ಲಿನವರೆಗೆ ಹೋದರು, ತಿರುಗಿ ಕೆರೆಯಂಗಳದಲ್ಲೇ ಇಳಿದರು. ಬಹಳ ಕಾಲ ಇದೇ ನನ್ನ ಹೆಮ್ಮೆಯಾಗಿತ್ತು.

ನಾನು ಹುಟ್ಟಿದ್ದು ಬಯಲಿನ ಪೇಟೆಯೊಂದರಲ್ಲಿ, ರೈಲು ನಿಲ್ದಾಣದ ಹಿಂದಿನ ಲಾಯದಲ್ಲಿ. ನನ್ನವ್ವ ಜಟಕಾ ಎಳೆಯುತ್ತಿದ್ದಳು. ನಾನು ಬೆಳೆದು ನಿಲ್ಲುವ ಹೊತ್ತಿಗೆ ಆಟೋಗಳು ಬಂದು ಜಟಕಾ ಮೂಲೆ ಸೇರಿತು. ಯಜಮಾನ ಫಕ್ರುಸಾಬರು ನನ್ನ ಕಿವಿ ಸವರಿ, ಇನ್ನು ನಿನಗೆ ಗಾಡಿ ಎಳೆಯುವ ಕಷ್ಟವಿಲ್ಲ ಎಂದು ಹೇಳಿ ಸಣ್ಣಬೋರನ ಕೈಗೆ ಹಗ್ಗ ಕೊಟ್ಟರು. ಬೀದಿ ತಿರುಗುವಾಗ ಹಿಂದಿನಿಂದ ಅವ್ವ ಒಮ್ಮೆ ಕೆನೆದಳು. ಆಮೇಲೆ ಅವಳ ಸುದ್ದಿ ನನಗೆ ತಿಳಿಯಲಿಲ್ಲ.

ಸಣ್ಣಬೋರನ ಊರು ಮುಗಿಲಗುಡ್ಡ. ಗುಡ್ಡದ ನೆತ್ತಿಯಲ್ಲಿ ಒಂದು ಕೆರೆ, ಕೆರೆಯಲ್ಲಿ ನಾಲ್ಕು ದೋಣಿ, ಸುತ್ತ ಸ್ವೆಟರ್ ಅಂಗಡಿಗಳು. ಬಿಸಿಲೂರಿನ ಜನ ಮಂಜು ನೋಡಲೆಂದೇ ಬರುತ್ತಾರೆ. ಬಂದ ಮೇಲೆ ಮಂಜು ಕವಿದರೆ, ಏನೂ ಕಾಣಿಸುವುದಿಲ್ಲವಲ್ಲ ಎಂದು ಗೊಣಗುತ್ತಾರೆ. ಹೊಸದಾಗಿ ಮದುವೆಯಾದವರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ನನ್ನನ್ನು ಮುಟ್ಟಿದ ಕೈ ಒರೆಸಿಕೊಂಡು ಹೋಗುತ್ತಾರೆ. ನನಗೆ ಇಟ್ಟ ಹೆಸರು ಲಚ್ಚಿ. ಗಿರಾಕಿಗಳು ಕೇಳಿದರೆ ಮಾತ್ರ ಸಣ್ಣಬೋರ ರಾಣಿ ಎನ್ನುತ್ತಿದ್ದ.

ಅವನು ನನಗೆ ಕಲಿಸಿದ್ದು ಒಂದೇ ಪಾಠ. ಕೆರೆಯಂಗಳದಿಂದ ನೀಲಗಿರಿ ಮರಗಳ ಸಾಲು ಹಿಡಿದು ಏರಿದರೆ ಹಳದಿ ಬಳಿದ ಮೈಲಿಗಲ್ಲು ಸಿಗುತ್ತದೆ. ಅಲ್ಲಿ ಎಡಕ್ಕೆ ತಿರುಗಬೇಕು. ತಿರುಗಿ ಅಂಗಳಕ್ಕೆ ಮರಳಿದರೆ ಒಂದು ಚೂರು ಬೆಲ್ಲ. ಒಂದು ತಿಂಗಳಲ್ಲಿ ಪಾಠ ನನ್ನ ಕಾಲಿಗೆ ಇಳಿಯಿತು. ಆಮೇಲೆ ಹಗ್ಗ ಹಿಡಿದು ನಡೆಸುವುದೇ ಬೇಕಾಗಲಿಲ್ಲ. ಗಿರಾಕಿಯನ್ನು ಕೂರಿಸಿ ಬೆನ್ನು ತಟ್ಟಿದರೆ ಸಾಕು, ಒಬ್ಬಳೇ ಹೋಗಿ ಬರುತ್ತಿದ್ದೆ. ಅಷ್ಟರಲ್ಲಿ ಅವನು ಇನ್ನೊಬ್ಬ ಗಿರಾಕಿಯನ್ನು ಮಾತಾಡಿಸಿ ಇಟ್ಟಿರುತ್ತಿದ್ದ.

ಕೆಲವರಿಗೆ ಕಲ್ಲಿನಾಚೆ ಹೋಗುವ ಹುಮ್ಮಸ್ಸು. ಲಗಾಮು ಜಗ್ಗುತ್ತಿದ್ದರು, ಹಿಮ್ಮಡಿಯಿಂದ ಒದೆಯುತ್ತಿದ್ದರು, ಕತ್ತಿನ ಮೇಲೆ ಬಾರಿಸುತ್ತಿದ್ದರು. ನಾನು ಮಣಿಯುತ್ತಿರಲಿಲ್ಲ. ಅವರು ಪೆಚ್ಚುಮೋರೆ ಹಾಕಿಕೊಂಡು ಇಳಿದಾಗ ಸಣ್ಣಬೋರ ಇಡೀ ಅಂಗಳಕ್ಕೆ ಕೇಳುವಂತೆ ಹೇಳುತ್ತಿದ್ದ:

"ನಮ್ ಲಚ್ಚಿನ ಕಲ್ಲು ದಾಟ್ಸೋನು ಇನ್ನೂ ಹುಟ್ಟಿಲ್ಲ ಕನಾ ಬುಡಿ ಸ್ವಾಮಿ."

ಹನ್ನೊಂದು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ಸಣ್ಣಬೋರ ಒಮ್ಮೆಯೂ ನನ್ನ ಮೇಲೆ ಕೂರಲಿಲ್ಲ. ಅನ್ನ ಕೊಡುವ ಬೆನ್ನಿನ ಮೇಲೆ ಕೂರಬಾರದು ಎನ್ನುವುದು ಅವನ ನಂಬಿಕೆ. ಹಬ್ಬದ ದಿನ ಮಗಳು ಕೆಂಪಾಜಿ ನನ್ನ ಹಣೆಗೆ ಕುಂಕುಮ ಇಟ್ಟರೆ, ಅವನು ಹತ್ತಿರ ನಿಂತು ನನ್ನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ತಾಯಿಯಿಲ್ಲದ ಕೆಂಪಾಜಿ ಅಂಗಳದ ಬಾಗಿಲಲ್ಲಿ ಮುಸುಕಿನ ಜೋಳ ಸುಟ್ಟು ಮಾರುತ್ತಿದ್ದಳು. ಅಪ್ಪ, ಮಗಳು, ನಾನು, ಇಷ್ಟೇ ನಮ್ಮ ಸಂಸಾರ.

ಆಷಾಢದ ಒಂದು ಬೆಳಗ್ಗೆ. ಗಿರಾಕಿಗಳು ಬರುವ ಕಾಲವಲ್ಲ. ಮಂಜು ಎಷ್ಟಿತ್ತೆಂದರೆ ಕೆರೆಯೇ ಕಾಣುತ್ತಿರಲಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು. ಕೆಂಪಾಜಿ ಜೋಳ ತರಲು ಕೆಳಗಿನ ಸಂತೆಗೆ ಹೋಗಿದ್ದಳು. ಸಣ್ಣಬೋರ ನನ್ನ ಮೈ ಉಜ್ಜುತ್ತಿದ್ದವನು ತಟ್ಟನೆ ನಿಲ್ಲಿಸಿದ. ಅವನ ಬಲಗೈ ಜೋತುಬಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಏನೋ ಹೇಳಲು ಹೋದ, ಮಾತು ಹೊರಡಲಿಲ್ಲ.

ಆಸ್ಪತ್ರೆ ಇದ್ದದ್ದು ಹಳದಿ ಕಲ್ಲಿನಾಚೆ, ಒಂದು ಕೂಗಳತೆಯಲ್ಲಿ. ಕೂಗಲು ಅವನಿಗೆ ದನಿ ಇರಲಿಲ್ಲ. ಗೋಡೆ ಹಿಡಿದುಕೊಂಡು ಕಟ್ಟೆ ಏರಿದ. ಅಲ್ಲಿಂದ ಹೇಗೋ ನನ್ನ ಮೇಲೆ ಬಿದ್ದು, ಎಡಗೈಯಿಂದ ಬೆನ್ನು ತಟ್ಟಿದ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಕೊನೆಗೂ ನಮ್ಮವನು ಹತ್ತಿದನಲ್ಲ ಎಂದು ಬಿರಬಿರನೆ ನಡೆದೆ.

ಕಲ್ಲು ಬಂತು. ನಾನು ಎಡಕ್ಕೆ ತಿರುಗಿದೆ.

ಅವನು ಲಗಾಮು ಜಗ್ಗಿದ. ಎಲ್ಲರೂ ಜಗ್ಗುತ್ತಿದ್ದರಲ್ಲ! ಹಿಮ್ಮಡಿಯಿಂದ ಒತ್ತಿದ. ಅದನ್ನೂ ಎಲ್ಲರೂ ಮಾಡುತ್ತಿದ್ದರು. ಮೂರು ಸಲ ನನ್ನ ಮೋರೆಯನ್ನು ಆಸ್ಪತ್ರೆಯ ಕಡೆಗೆ ಎಳೆದ. ಮೂರು ಸಲವೂ ನಾನು ಕಲಿತದ್ದನ್ನೇ ಮಾಡಿದೆ. ಕತ್ತಿನ ಮೇಲೆ ಮೆಲ್ಲಗೆ ಒಂದು ಏಟು ಬಿತ್ತು. ಅವನು ನನಗೆ ಹೊಡೆದದ್ದು ಅದೊಂದೇ ಸಲ. ಆಮೇಲೆ ಅವನ ತಲೆ ನನ್ನ ಜೂಲಿನ ಮೇಲೆ ವಾಲಿತು, ಏನೋ ಬಿಸಿಯಾಗಿ ಕತ್ತಿಗಿಳಿಯಿತು. ಬೀಳಿಸದೆ, ಜೋಪಾನವಾಗಿ, ಅವನನ್ನು ಕೆರೆಯಂಗಳಕ್ಕೇ ತಂದು ನಿಲ್ಲಿಸಿ ಬೆಲ್ಲಕ್ಕಾಗಿ ಕಾದೆ.

ಬಹಳ ಹೊತ್ತು ಕಾದೆ. ಸಂತೆಯಿಂದ ಬಂದ ಕೆಂಪಾಜಿ ಕುಕ್ಕೆ ಬಿಸಾಕಿ ಓಡಿಬಂದಳು. ಯಾರದೋ ಜೀಪು ಅವನನ್ನು ಕಲ್ಲು ದಾಟಿಸಿ ಕರೆದೊಯ್ಯಿತು. ಬೇಗ ಬಂದಿದ್ದರೆ ಕೈಕಾಲು, ಮಾತು ಉಳಿಯುತ್ತಿತ್ತು ಎಂದರಂತೆ ಡಾಕ್ಟರು. ಸಣ್ಣಬೋರ ಬದುಕಿದ, ಬಲಗೈ ಬಲಗಾಲು ಸ್ವಾಧೀನಕ್ಕೆ ಬರಲಿಲ್ಲ, ಮಾತೂ ಬರಲಿಲ್ಲ.

ಈ ಕುದುರೆಯನ್ನು ಮಾರಿಬಿಡು ಎಂದರು ಅಕ್ಕಪಕ್ಕದವರು. ಕೆಂಪಾಜಿ ಮೂರು ದಿನ ನನ್ನ ಮುಖ ನೋಡದೆ ಹುಲ್ಲು ಹಾಕಿದಳು. ನಾಲ್ಕನೆಯ ದಿನ ನನ್ನನ್ನು ಕಲ್ಲಿನ ಹತ್ತಿರ ಕರೆದೊಯ್ದು, ತಾನು ಆಚೆ ನಿಂತು ಬೆಲ್ಲ ಹಿಡಿದಳು. ನನ್ನ ಕಾಲು ಎಡಕ್ಕೇ ಹೋಯಿತು. ಅವಳು ಬಂದು ನನ್ನ ಕತ್ತಿಗೆ ಆತು ಅತ್ತಳು.

"ನಿಂದೇನವ್ವ ತಪ್ಪು? ಕಲ್ಸಿದ್ದು ನಾವೇ. ಕಲ್ತಿದ್ ಮಾಡ್ದೆ."

ಅಂದಿನಿಂದ ವಾರಕ್ಕೊಮ್ಮೆ ಅವಳು ಅಪ್ಪನನ್ನು ನನ್ನ ಮೇಲೆ ಕೂರಿಸಿ, ಹಗ್ಗ ಹಿಡಿದು ಆಸ್ಪತ್ರೆಗೆ ಕೈಕಾಲಿನ ಕಸರತ್ತಿಗೆ ಕರೆದೊಯ್ದಳು. ಅವಳು ಎಳೆದರೆ ದಾಟುತ್ತಿದ್ದೆ. ಸಣ್ಣಬೋರ ಎಡಗೈಯನ್ನು ನನ್ನ ಕತ್ತಿನ ಮೇಲೆ, ಅಂದು ಏಟು ಬಿದ್ದ ಜಾಗದಲ್ಲೇ ಇಟ್ಟಿರುತ್ತಿದ್ದ. ಅವನು ನನ್ನನ್ನು ಕ್ಷಮಿಸಿದನೋ, ತನ್ನ ಪಾಠವನ್ನು ನೆನೆದು ನೊಂದನೋ ನನಗೆ ತಿಳಿಯದು. ಎರಡು ಮಳೆಗಾಲ ಕಳೆದು, ಮೂರನೆಯದರಲ್ಲಿ ಅವನು ಹೋದ.

ಈಗ ನನಗೆ ವಯಸ್ಸಾಗಿದೆ. ಹಲ್ಲು ಸವೆದಿವೆ. ಕೆಂಪಾಜಿ ನನ್ನ ಜೀನು ಬಿಚ್ಚಿ ಸ್ವತಂತ್ರವಾಗಿ ಬಿಟ್ಟಿದ್ದಾಳೆ. ಜೋಳದ ಸಿಪ್ಪೆ ಎಲ್ಲ ನನಗೇ. ದಿನಾ ಬೆಳಗ್ಗೆ ನಾನು ಮರದ ಸಾಲು ಹಿಡಿದು ಏರುತ್ತೇನೆ. ಹಳದಿ ಕಲ್ಲಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. ಕಾಲು ಈಗಲೂ ಎಡಕ್ಕೆಳೆಯುತ್ತದೆ. ಆದರೂ ನೇರ ನಡೆಯುತ್ತೇನೆ, ಯಾರೂ ಹಗ್ಗ ಹಿಡಿಯದೆ, ಬೆಲ್ಲವಿಲ್ಲದೆ. ಆಸ್ಪತ್ರೆಯ ಗೇಟಿಗೆ ಹೆಚ್ಚೇನೂ ದೂರವಿಲ್ಲ.

ಅಲ್ಲಿನ ಹೊಸ ಕಾವಲುಗಾರನಿಗೆ ನನ್ನ ಹೆಸರು ಗೊತ್ತು, ಕಥೆ ಗೊತ್ತಿಲ್ಲ. ನನ್ನನ್ನು ಕಂಡಾಗಲೆಲ್ಲ ನಗುತ್ತಾ ಕೇಳುತ್ತಾನೆ:

"ಯಾರ್ನ ಕರ್ಕಂಡ್ ಬಂದೆ ಲಚ್ಚಿ?"

ನನ್ನ ಬೆನ್ನು ಖಾಲಿ ಇರುತ್ತದೆ.