ಸಕ್ಕರೆ ಹಾಕದ ಕಾಫಿ

ನ್ಯೂಯಾರ್ಕಿನ ವಾಷಿಂಗ್ಟನ್ ಬೀದಿಯ ಸಿರಿಯಾದವರ ಲೆಕ್ಕದಲ್ಲಿ ಶಾಹೀನ್ ಖಬ್ಬಾಜ್ ಕವಿಯೇ ಅಲ್ಲ. ಮನೆಮನೆಗೆ ಬಟ್ಟೆಯಂಚಿಗೆ ಹೊಲಿಯುವ ಲೇಸು ಮಾರುತ್ತಾ ಅವನು ಬರೆಯುತ್ತಿದ್ದದ್ದು ಛಂದಸ್ಸಿಲ್ಲದ, ಪ್ರಾಸವಿಲ್ಲದ ಗದ್ಯಕವಿತೆ. "ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂಗೆ ಐತಪ್ಪಾ ನಿನ್ ಕವಿತೆ" ಎಂದು ಕಾಫಿ ಅಂಗಡಿಯ ಉಮ್ಮ್ ತನ್ನೂಸ್ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ತನ್ನ ಒಂದೇ ಒಂದು ಸಾಲು ಯಾರದಾದರೂ ಬಾಯಲ್ಲಿ ಬರಲಿ ಎಂದು ಅವನು ಏಳು ವರ್ಷ ಹಪಹಪಿಸಿದ.

ಒಂದು ಶನಿವಾರ ಅರಬ್ಬಿ ಪತ್ರಿಕೆಯಲ್ಲಿ ಅವನ ಹೊಸ ಕವಿತೆ ಬಂತು. ಆಗ ಸಿರಿಯಾ ಎಂದೇ ಕರೆಯುತ್ತಿದ್ದ ಲೆಬನಾನಿನ ಬೆಟ್ಟದೂರಲ್ಲಿ ಗಟ್ಟಿಮುಟ್ಟಾಗಿದ್ದ ತಾಯಿ ಸತ್ತಳೆಂದು ಕಲ್ಪಿಸಿಕೊಂಡು, ಅವಳನ್ನು ಹಿಪ್ಪುನೇರಳೆ ಮರದಡಿ ಮಣ್ಣು ಮಾಡಿದ್ದನ್ನು ಬರೆದಿದ್ದ. ಪದ್ಯವಾಗಿದ್ದರೆ ಅರಬ್ಬಿ ರೂಢಿಯಂತೆ ಪ್ರತಿ ಸಾಲೂ ಎರಡು ತುಂಡಾಗಿ ಅಕ್ಕಪಕ್ಕ ಅಚ್ಚಾಗುತ್ತಿತ್ತು. ಇದು ಸುದ್ದಿಯಂತೆ ಅಚ್ಚಾಯಿತು, ಜನ ಸುದ್ದಿಯೆಂದೇ ಓದಿದರು.

ಮಧ್ಯಾಹ್ನ ಮನೆ ತುಂಬಿತು. ಸಾವಿನ ಮನೆಗೆಂದು ಉಮ್ಮ್ ತನ್ನೂಸ್ ಸಕ್ಕರೆ ಹಾಕದ ಕಾಫಿ ತಂದಿದ್ದಳು. "ಓದಿಸ್ಕೊಂಡು ಕೇಳ್ದೆ ಮಗಾ, ಕರುಳು ಹಿಂಡ್ಬಿಡ್ತು. ಆ ಮರದ ಮಾತು ಇನ್ನೊಂದ್ಸಲ ಹೇಳು" ಎಂದಳು.

ಅಮ್ಮ ಬದುಕಿದ್ದಾಳೆ ಎನ್ನಲು ಬಾಯಿ ತೆರೆದವನು ಮರದ ಮಾತು ಹೇಳಿದ. ಹೆಂಗಸರು ಎದೆ ಬಡಿದುಕೊಂಡು ಅತ್ತರು. ಅವನ ಊರಿನವರು ಆ ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲವಾಗಿ ಸುಳ್ಳು ದಕ್ಕಿತು. ಜನರೇ ಚಂದಾ ಎತ್ತಿ ಅವನ ಪುಸ್ತಕ ತಂದರು.

ನಾಲ್ಕು ತಿಂಗಳಿಗೆ ತಂಗಿಯ ಕಾಗದ ಬಂತು. "ನಿನ್ನ ಪತ್ರಿಕೆ ಇಲ್ಲಿಗೂ ಬಂತು. ಪಾದ್ರಿಗಳು ಅಮ್ಮನೆದುರಿಗೇ ಓದಿಬಿಟ್ರು. ಆಮೇಲೆ ಅವಳು ನಿನ್ನ ಹೆಸರೆತ್ತಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಮೊನ್ನೆ ಭಾನುವಾರ ಹೋದಳು."

ಶಾಹೀನ್ ಅಳುತ್ತಲೇ ಅಮ್ಮನ ಸಾವಿನ ಮೇಲೆ ಇನ್ನೊಂದು ಕವಿತೆ ಬರೆದ. ಅದು ಅಚ್ಚಾದ ದಿನ ಸಕ್ಕರೆ ಹಾಕದ ಕಾಫಿ ಕಾಸಿ, ಕುರ್ಚಿಗಳನ್ನು ಹಾಕಿ ಕಾದ. ಒಂದು ನರಪಿಳ್ಳೆಯೂ ಬರಲಿಲ್ಲ.

ಮೂರನೆಯ ದಿನ ಕಾಫಿ ಅಂಗಡಿಗೆ ಹೋದ.

"ಕವಿಗಳು ಬಂದ್ರು, ಜಾಗ ಬಿಡ್ರಪ್ಪಾ" ಎಂದಳು ಉಮ್ಮ್ ತನ್ನೂಸ್. "ಹೊಸದನ್ನೂ ಓದಿಸ್ಕೊಂಡೆ. ಬೇಜಾರ್ ಮಾಡ್ಕೋಬೇಡ ಮಗಾ, ಮೊದ್ಲಿನಷ್ಟು ಚೆನ್ನಾಗಿಲ್ಲ. ಅದ್ರಲ್ಲಿ ನಿಜವಾದ ದುಃಖ ಇತ್ತು. ಇದು ಬರೀ ಕಟ್ಟಿದ್ದು."

ಕೂತವರೆಲ್ಲ ಹೌದೆಂದು ತಲೆದೂಗಿದರು. ತಂಗಿಯ ಕಾಗದ ಅವನ ಜೇಬಿನಲ್ಲೇ ಇತ್ತು. ಎದುರಿನ ಗೂಡಿನಲ್ಲಿ ಅವನ ಪುಸ್ತಕವಿತ್ತು.

"ಹೌದಮ್ಮ, ಅದರಷ್ಟಾಗ್ಲಿಲ್ಲ" ಎಂದ.

ಅವಳು ಎರಡು ಚಮಚ ಸಕ್ಕರೆ ಹಾಕಿ ಕುದಿಸಿದ ಕಾಫಿಯನ್ನು ಅವನ ಮುಂದಿಟ್ಟಳು. ಅವನು ಕುಡಿದ.