ಒಂಬೈನೂರು ಗ್ರಾಂ

“ನಿಮ್ಮ ಮಷಿನ್ ಸುಳ್ಳು ಹೇಳ್ತಿದೆ ಸಿಸ್ಟರ್. ನನ್ನ ಮಾತು ತಪ್ಪಾದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ,” ಎನ್ನುತ್ತಾ ತಕ್ಕಡಿಯಪ್ಪ ಆಸ್ಪತ್ರೆಯ ತೂಕದ ಕೋಣೆಯಲ್ಲಿ ನೆಲದ ಮೇಲೆ ಮಂಡಿಯೂರಿದ.

“ನಿಮಗೆ ಮೀಸೇನೇ ಇಲ್ವಲ್ಲ ಯಜಮಾನ್ರೇ,” ಎಂದು ಸಿಸ್ಟರ್ ನಕ್ಕರು. “ನೋಡಿ, ಚೆನ್ನಾಗಿ ನೋಡಿ. ಡಾಕ್ಟರಮ್ಮನೂ ನೋಡ್ಲಿ ಅಂದಿದಾರೆ.”

ಅವನ ನಿಜವಾದ ಹೆಸರು ಪೇಟೆಯಲ್ಲಿ ಯಾರಿಗೂ ನೆನಪಿಲ್ಲ. ಇಪ್ಪತ್ತೆಂಟು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಾ ಬಂದವನು ತಕ್ಕಡಿಯಪ್ಪನಲ್ಲದೆ ಇನ್ನೇನಾದಾನು? ಅಂಗಡಿಯಲ್ಲಿ ಏನಾದರೂ ತೂಗುವಾಗ ಬಂದವರ ಬೆರಳು ತಟ್ಟೆಯ ಅಂಚಿಗೆ ತಾಗಿದರೆ ಸಾಕು, “ಮುಟ್ಬೇಡಿ!” ಎಂದು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದ. ಮುಟ್ಟಿದ ತೂಕ ತೂಕವೇ ಅಲ್ಲ ಅನ್ನುವುದು ಅವನ ಪಾಲಿಗೆ ವೇದವಾಕ್ಯ.

ಮಗಳ ಆಸ್ಪತ್ರೆ ಚೀಟಿಯಲ್ಲಿ ಮೂರು ವಾರದಿಂದ ತೂಕ ಏರುತ್ತಿತ್ತು. ಇವತ್ತು ತೂಗಿದ್ದೂ ಸೇರಿ ಒಟ್ಟು ಆರುನೂರು ಗ್ರಾಂ. ಕಳೆದ ವಾರ ಹೆಂಡತಿಯಂತೂ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡಿದ್ದಳು. ಆದರೆ ಸ್ಕೂಟರಿನ ಹಿಂದಿನ ಸೀಟು ಬೇರೆಯೇ ಹೇಳುತ್ತಿತ್ತು. ಇವತ್ತು ಬೆಳಿಗ್ಗೆ ಬರುವಾಗ, ಮಗಳು ಹತ್ತಿದಳೋ ಇಲ್ಲವೋ ಎಂದು ಅವನು ಎರಡು ಸಲ ಹಿಂತಿರುಗಿ ನೋಡಬೇಕಾಯಿತು. ನಿನ್ನೆ ಮನೆಯ ಮೆಟ್ಟಿಲ ಮಧ್ಯದಲ್ಲೇ ಅವಳು ಕೂತುಬಿಟ್ಟಿದ್ದಳು. ಏರಿದ ತೂಕ ಹೋದದ್ದೆಲ್ಲಿಗೆ? ಮಷಿನ್ ಕೆಟ್ಟಿರಬೇಕು. ಹೊರಡುವಾಗ ಯಾರಿಗೂ ಹೇಳದೆ ಅಂಗಡಿಯಿಂದ ತೂಕದ ಸಾಮಾನು ಎತ್ತಿ ಸ್ಕೂಟರಿಗೆ ತುಂಬಿಕೊಂಡಿದ್ದ.

ಮೊದಲ ದಿನವೇ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. “ಇದು ಹಟ ಅಲ್ಲ, ಫ್ಯಾಷನ್ನೂ ಅಲ್ಲ. ಅನೊರೆಕ್ಸಿಯಾ ಅಂತ ಕಾಯಿಲೆ. ಅವಳಿಗೆ ಹಸಿವಿಲ್ಲ ಅಂತಲ್ಲ, ತಿನ್ನೋದಂದ್ರೆ ಭಯ. ಊಟಾನೇ ಔಷಧಿ. ದಿನಕ್ಕೆ ಆರು ಸಲ ಪಕ್ಕದಲ್ಲೇ ಕೂತು ತಿನ್ನಿಸಿ. ಬೈಬೇಡಿ, ಬಿಡಲೂಬೇಡಿ. ನಾಡಿ ಆಗಲೇ ನಲವತ್ತೆಂಟಕ್ಕೆ ಇಳಿದಿದೆ. ಇನ್ನು ಕಾಲು ಕಿಲೋ ಇಳಿದ್ರೂ ಆಸ್ಪತ್ರೆಗೆ ಸೇರಿಸ್ಲೇಬೇಕು. ಹೃದಯ ತಡ್ಕೊಳ್ಳಲ್ಲ.”

ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳು ಅವನ ಅಂಗಿ ಹಿಡಿದು ಅತ್ತಿದ್ದಳು. “ನನ್ನನ್ನ ಅಲ್ಲಿ ಸೇರಿಸ್ಬೇಡಪ್ಪ. ಮೂಗಿಗೆ ಪೈಪ್ ಹಾಕ್ತಾರಂತೆ. ಪರೀಕ್ಷೆ ಹೋಗುತ್ತೆ. ಮಾತು ಕೊಡು.” ಅವನು ಹಿಂದೆ ಮುಂದೆ ನೋಡದೆ ಕೊಟ್ಟಿದ್ದ.

ಈಗ ಇಪ್ಪತ್ತು ಕಿಲೋದ ಎರಡು ಕಬ್ಬಿಣದ ಗುಂಡುಗಳನ್ನು ಮಷಿನ್ ಮೇಲಿಟ್ಟ. ಸರಿಯಾಗಿ ನಲವತ್ತು ತೋರಿಸಿತು. ಅವನ ಮುಖ ಸಪ್ಪಗಾಯಿತು.

“ದೊಡ್ಡ ಕಲ್ಲಿಗೆ ಎಲ್ಲ ಮಷಿನ್ನೂ ಸಾಚಾನೇ,” ಎಂದು ಗೊಣಗಿದ. “ಕಳ್ಳತನ ಇರೋದು ಸಣ್ಣ ಕಲ್ಲಲ್ಲಿ.”

ಚೀಲದಿಂದ ಮರದ ಪೆಟ್ಟಿಗೆ ತೆಗೆದ. ಒಳಗಿರುವುದು ಹಿತ್ತಾಳೆಯ ತೂಕಗಳು. ಆದರೂ ಪೇಟೆಯವರ ಬಾಯಲ್ಲಿ ಅವು ಕಲ್ಲೇ. ಅಷ್ಟು ಹೊತ್ತೂ ದೊಗಳೆ ಸ್ವೆಟರಿನೊಳಗೆ ಮುದುಡಿಕೊಂಡು ಬೆಂಚಿನ ಮೇಲಿದ್ದ ಮಗಳು ದಡಕ್ಕನೆ ಎದ್ದಳು.

“ಅಪ್ಪಾ, ಸಾಕು. ಹೋಗೋಣ ಬಾ.”

“ಇರೇ, ಎರಡೇ ನಿಮಿಷ.”

“ನಾನೀಗ್ಲೇ ಹೋಗ್ಬೇಕು!”

ಅವನು ಮುಚ್ಚಳ ತೆರೆದಾಗಿತ್ತು. ಕೆಂಪು ಮಖಮಲ್ಲಿನ ಸಾಲಿನಲ್ಲಿ ಮೂರು ಗುಳಿ ಖಾಲಿ. ಇನ್ನೂರು, ಇನ್ನೂರು, ಐನೂರು.

ಯಾವುದೋ ಅಂಗಡಿಯಲ್ಲಿ ಬಿಟ್ಟು ಬಂದೆನೇ ಎಂದು ಮೊದಲು ಅನ್ನಿಸಿತು. ಯಾರೋ ಕದ್ದಿರಬೇಕು ಅಂತಲೂ ಅನ್ನಿಸಿತು. ಆಮೇಲೆ ಬಂದ ಯೋಚನೆ ಅವನಿಗೆ ಬೇಡವಾಗಿತ್ತು. ಚಿಕ್ಕಂದಿನಲ್ಲಿ ಈ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವ್ಯಾಪಾರಿಗಳ ಆಟವನ್ನೆಲ್ಲ ಹೇಳಿಕೊಟ್ಟವನು ಅವನೇ. ತಟ್ಟೆಯ ಅಡಿಗೆ ಮೇಣ ಮೆತ್ತುವುದು, ಕಲ್ಲಿನ ಹೊಟ್ಟೆ ಕೊರೆಯುವುದು. ‘ನನ್ನ ಮಗಳನ್ನ ಯಾವ ಕಳ್ಳನೂ ಯಾಮಾರಿಸಲಾರ’ ಎಂದು ಊರೆಲ್ಲ ಕೊಚ್ಚಿಕೊಂಡಿದ್ದ.

ಮೂರೂ ಸೇರಿದರೆ ಒಂಬೈನೂರು ಗ್ರಾಂ. ಚೀಟಿಯಲ್ಲಿ ಏರಿದ್ದು ಆರುನೂರು. ಹಾಗಾದರೆ ಹುಡುಗಿ ಇಳಿದದ್ದು ಮುನ್ನೂರು. ಕಾಲು ಕಿಲೋ ಅಂದರೆ ಇನ್ನೂರೈವತ್ತು. ಡಾಕ್ಟರಮ್ಮ ಹೇಳಿದ ಗೆರೆ ಆಗಲೇ ದಾಟಿತ್ತು.

“ಏನು ಯಜಮಾನ್ರೇ, ಕಲ್ಲು ಮರೆತು ಬಂದ್ರಾ?” ಎಂದರು ಸಿಸ್ಟರ್.

ಮಗಳು ಅವನನ್ನೇ ನೋಡುತ್ತಿದ್ದಳು. ಬರೀ ತುಟಿಯಲ್ಲಿ, ‘ಮಾತು ಕೊಟ್ಟಿದೀಯ.’ ಅತ್ತ ದರಿ, ಇತ್ತ ಪುಲಿ. ಪೆಟ್ಟಿಗೆ ಮುಚ್ಚಿ ಎದ್ದುಬಿಟ್ಟರೆ ಯಾರೂ ಕೇಳುವುದಿಲ್ಲ. ಹೆಂಡತಿ ಮತ್ತೆ ಚೀಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ.

“ಮಷಿನ್ ಸರಿಯಿದೆ ಸಿಸ್ಟರ್,” ಎಂದ.

ಮಗಳು ಉಸಿರು ಬಿಟ್ಟಳು. ಬೆಂಚು ಹಿಡಿದಿದ್ದ ಅವಳ ಬೆರಳುಗಳ ಉಗುರು ನೀಲಿಯಾಗಿತ್ತು. ಈ ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡೂ ನಡುಗುತ್ತಿದ್ದಳು.

“ತೂಗಿದ್ದು ಸರಿಯಿಲ್ಲ,” ಎಂದವನೇ ಅವಳ ಮುಂದೆ ಅಂಗೈ ಚಾಚಿದ. “ಕೊಡು ಪುಟ್ಟಾ.”

“ಏನು ಕೊಡ್ಲಿ? ನೀನೇ ಎಲ್ಲೋ ಬೀಳಿಸ್ಕೊಂಡು ಬಂದು ನನ್ನ ಮೇಲೆ ಹಾಕ್ತೀಯಾ? ಮಾತು ಕೊಟ್ಟು ತಪ್ಪೋನು ನೀನು! ಮೋಸಗಾರ!”

ತಕ್ಕಡಿಯಪ್ಪನನ್ನು ಈ ತನಕ ಯಾರೂ ಹಾಗೆ ಅಂದಿರಲಿಲ್ಲ. ರಕ್ತ ನೆತ್ತಿಗೇರಿತು, ಕೆನ್ನೆಗೆ ಬಾರಿಸುವಷ್ಟು. ಬೈಬೇಡಿ, ಬಿಡಲೂಬೇಡಿ. ಚಾಚಿದ ಕೈ ಹಿಂದೆಗೆಯದೆ ಅವಳ ಕಾಲ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

“ಬೈಯಲ್ಲ. ಆದ್ರೆ ಏಳೋದೂ ಇಲ್ಲ.”

ಸಿಸ್ಟರ್ ಸದ್ದಿಲ್ಲದೆ ಬಾಗಿಲು ಹಾಕಿದರು. ಹೊರಗೆ ಯಾರದೋ ಟೋಕನ್ ನಂಬರು ಕೂಗಿದರು. ಚಾಚಿದ ಕೈ ಸೋತಿತು. ಇನ್ನೊಂದು ಕೈಯನ್ನು ಅದಕ್ಕೆ ಆಸರೆಯಾಗಿ ಇಟ್ಟ.

“ಅವತ್ತು ಅಂಗಡೀಲಿ ಎಲ್ಲರ ಮುಂದೆ, ನೀನು ಹತ್ತಿದ್ರೆ ತಕ್ಕಡಿನೇ ಅಯ್ಯೋ ಅನ್ನುತ್ತೆ ಅಂದೆ. ನಾನು ಹಾಗನ್ನಬಾರದಿತ್ತು,” ಎಂದ.

“ಅದಕ್ಕಲ್ಲಪ್ಪ,” ಎಂದಳು. “ಯಾಕೇಂತ ನಂಗೇ ಗೊತ್ತಿಲ್ಲ. ಒಂದು ತುತ್ತು ಎತ್ತಿದ್ರೆ ಒಳಗೆ ಯಾರೋ ಕಿರುಚ್ತಾರೆ. ನಿಲ್ಲಿಸೋದೇ ಇಲ್ಲ.”

ಸ್ವೆಟರಿನ ಒಳಗೆ ಹೊಲಿದುಕೊಂಡ ಚೀಲದಿಂದ ಒಂದು ಇನ್ನೂರು ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಐನೂರನ್ನು ಸೊಂಟಕ್ಕೆ ಬಟ್ಟೆಯಲ್ಲಿ ಬಿಗಿದು ಕಟ್ಟಿಕೊಂಡಿದ್ದಳು. ಸಿಸ್ಟರ್ ಬಿಚ್ಚಿದಾಗ ಮೂಳೆಯ ಮೇಲೆ ನಾಣ್ಯದಗಲ ಕಪ್ಪಗಾಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಆ ಕಲ್ಲುಗಳು ಅವನ ಕೈಗೆ ತಣ್ಣಗೆ ತಾಗಿದ್ದೇ ಹೊರತು ಬೆಚ್ಚಗಿದ್ದದ್ದಿಲ್ಲ. ಇವತ್ತು ಬೆಚ್ಚಗಿದ್ದವು.

“ಬಾಮ್ಮ, ಒಂದೇ ಸಲ ನಿಂತ್ಕೋ. ಆಮೇಲೆ ಡಾಕ್ಟರಮ್ಮನ್ನ ಕರೀತೀನಿ. ಮೇಲಿನ ವಾರ್ಡಲ್ಲಿ ಹಾಸಿಗೆ ಇದೆ, ಅಪ್ಪನೂ ಜೊತೆಗಿರಬಹುದು,” ಎಂದರು ಸಿಸ್ಟರ್. “ಅಂಕಿಗೆ ಬೆನ್ನು ಹಾಕಿ ನಿಲ್ಲು. ಅದು ನಮಗೆ ಬೇಕಾದ್ದು, ನೀನು ನೋಡೋದು ಬೇಡ.”

ಸ್ವೆಟರ್ ಕಳಚಿ ಅವಳು ಮಷಿನ್ ಹತ್ತಿದಳು. ಎದುರಿಗೆ ಅಪ್ಪ, ಬೆನ್ನ ಹಿಂದೆ ಕೆಂಪು ಅಂಕಿ. ಮೈ ತೂಗಾಡಿತು. ಹಿಡಿಯಲು ಏನೂ ಸಿಗದೆ ಅವಳ ಕೈ ಗಾಳಿಯಲ್ಲಿ ತಡಕಾಡಿತು.

“ಯಜಮಾನ್ರೇ, ಮುಟ್ಟಿದ್ರೆ ತೂಕ...” ಎಂದು ಸಿಸ್ಟರ್ ಶುರುಮಾಡಿದರು.

ತಕ್ಕಡಿಯಪ್ಪ ಮುಂದೆ ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಂದೆ ಕೆಂಪು ಅಂಕಿಗಳು ಏರುತ್ತಾ ಇಳಿಯುತ್ತಾ ಒಂದು ಕಡೆ ನಿಲ್ಲದೆ ಓಡುತ್ತಿದ್ದವು. ಸಿಸ್ಟರ್ ಏನೂ ಬರೆಯದೆ ಪೆನ್ನಿಗೆ ಮುಚ್ಚಳ ಹಾಕಿದರು.