ಕೆಂಪು ದಾರದ ಕೊಕ್ಕಿ

ಬನಹಟ್ಟಿಯ ಬಸಗೊಂಡಪ್ಪನ ನೇಕಾರಿಕೆ ಶೆಡ್ಡಿನ ಹಳೆಯ ಮಗ್ಗಗಳಿಗೆ ನೇಕಾರನ ಬಾಯೇ ಸೂಜಿ. ನೂಲು ಸುತ್ತಿದ ಕಡ್ಡಿ, ಕಂಡಿಕಿ, ಅದರ ನೂಲು ಮುಗಿದರೆ ಲಾಳಿಯೊಳಗೆ ಹೊಸ ಕಂಡಿಕಿ ಕೂಡಿಸಬೇಕು, ಲಾಳಿಯ ಪಕ್ಕದ ಸಣ್ಣ ತೂತಿಗೆ ತುಟಿ ಹಚ್ಚಿ ಒಮ್ಮೆ ಜೋರಾಗಿ ಉಸಿರೆಳೆಯಬೇಕು. ನೂಲಿನ ತುದಿ ತಾನಾಗಿ ನಾಲಿಗೆಗೆ ಬರುತ್ತದೆ. ಲಗಮಪ್ಪ ಮೀಸೆ ಮೂಡುವ ಮೊದಲೇ ಕಲಿತ ವಿದ್ಯೆ ಇದು. ಮಗ್ಗ ಒಂದು, ಪಾಳಿ ಎರಡು. ಮುಂಜಾನೆ ಅವನು, ಮಧ್ಯಾಹ್ನದ ಮೇಲೆ ಪದ್ಮವ್ವ. ಹೀಗಾಗಿ ಅವನ ಬಾಯಿಂದ ಇಳಿದ ಲಾಳಿ ಅವಳ ಬಾಯಿಗೆ ಏರಲೇಬೇಕು. ಅದನ್ನು ಎಂಜಲೆಂದು ಯಾರೂ ಕರೆದದ್ದಿಲ್ಲ. ಹೊಟ್ಟೆಪಾಡಿಗೆ ಎಂಜಲೆಲ್ಲಿಯದು?

ಪದ್ಮವ್ವ ತೇರದಾಳ ಕಡೆಯ ಜೈನರ ಹೆಣ್ಣುಮಗಳು. ಗಂಡ ಪಾಯಪ್ಪನ ಸೊಂಟ ಕೆಟ್ಟ ಮೇಲೆ ಅವನ ಮಗ್ಗಕ್ಕೆ ತಾನೇ ಬಂದು ನಿಂತವಳು. ಹೊತ್ತು ಮುಳುಗುವ ಮೊದಲೇ ಬುತ್ತಿ ಬಿಚ್ಚುತ್ತಿದ್ದಳು, ಮನೆಯಿಂದ ತಂದ ಸೋಸಿದ ನೀರನ್ನೇ ಕುಡಿಯುತ್ತಿದ್ದಳು. ಅವಳ ಪಾಡಿಗೆ ಅವಳಿದ್ದಳು, ಅದು ಯಾರ ಕಣ್ಣನ್ನೂ ಚುಚ್ಚಿರಲಿಲ್ಲ.

ಒಂದು ದಿನ ಲಗಮಪ್ಪ ಪಾಳಿ ಮುಗಿಸಿ ಹೊರಟವನು ಟವೆಲ್ಲು ಮರೆತೆನೆಂದು ತಿರುಗಿ ಬಂದ. ಪದ್ಮವ್ವ ಲಾಳಿಯನ್ನು ಸೆರಗಿನಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದಳು. ಆಮೇಲೆ ಅದನ್ನು ಬಾಯಿಗೆ ಒಯ್ಯಲಿಲ್ಲ. ಹಸಿರು ದಾರ ಕಟ್ಟಿದ ಒಂದು ತೆಳುವಾದ ತಂತಿಯ ಕೊಕ್ಕಿಯನ್ನು ತೂತಿನಲ್ಲಿ ತೂರಿಸಿ ನೂಲನ್ನು ಹೊರಗೆಳೆದಳು.

ಲಗಮಪ್ಪನ ಪಿತ್ತ ನೆತ್ತಿಗೇರಿತು. ಮಗ್ಗಗಳ ಸದ್ದನ್ನೂ ಮೀರಿ ಕೂಗಿದ. "ನನ್ನ ಬಾಯಿ ನಿಮಗ ಹೇಸಿಗಿ ಆತೇನ್ರಿ? ಇಷ್ಟ ಮಡಿ ಇದ್ದಾಕಿ ಮಗ್ಗಕ್ಕ ಯಾಕ ಬಂದ್ರಿ? ಬಸದಿಯೊಳಗ ಕೂಡ್ರಬೇಕಿತ್ತು."

ಒಂದೊಂದಾಗಿ ಮಗ್ಗಗಳು ನಿಂತವು. ಪದ್ಮವ್ವ ಅವನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಸುತ್ತ ನೆರೆದವರನ್ನು ಕಂಡು ಮುಚ್ಚಿದಳು. ಕೊನೆಗೆ, "ಹೂಂನ್ರಿ ಲಗಮಣ್ಣ, ನಂದೊಂದು ನೇಮ ಐತಿ, ತಪ್ಪ ತಿಳೀಬ್ಯಾಡ್ರಿ," ಎಂದಳು.

ತಪ್ಪು ತಿಳಿಯದೆ ಬಿಡುವ ಪೈಕಿಯೇ ಲಗಮಪ್ಪ? ಮಾಲಕ ಬಸಗೊಂಡಪ್ಪನ ಹತ್ತಿರ ಹೋಗಿ, ಆಕಿ ಮುಟ್ಟಿದ ಮಗ್ಗಕ್ಕೆ ತಾನು ನಿಲ್ಲುವುದಿಲ್ಲ ಎಂದು ಹಟ ಹಿಡಿದ. ಹಳೆಯ ಕೈ, ಒಳ್ಳೆಯ ನೇಕಾರ. ಮಾಲಕ ಅವನ ಮಾತಿಗೇ ವಾಲಿದ. ಮರುದಿನದಿಂದ ಪದ್ಮವ್ವ ಮಗ್ಗ ಬಿಟ್ಟು ಮೂಲೆಯಲ್ಲಿ ದಿನವಿಡೀ ಕಂಡಿಕಿ ಸುತ್ತಲು ಕೂತಳು. ಸೀರೆ ನೇಯುತ್ತಿದ್ದ ಕೈಗೆ ಅದು ಇಳಿತವೇ. ಮೇಲಿಂದ ಅದೇ ಶೆಡ್ಡಿನ ನೇಕಾರ ಗಿರಿಮಲ್ಲಪ್ಪನಂಥವರ ಚುಚ್ಚುಮಾತು ಬೇರೆ. ಯಾರಾದರೂ ಅವಳ ಹತ್ತಿರ ಹಾಯ್ದರೆ, ಸರಿದು ನಿಲ್ಲಲೇ, ಅಮ್ಮಾರ ನೇಮ ಕೆಟ್ಟೀತು, ಎಂದು ಅವನು ನಗಿಸುತ್ತಿದ್ದ. ಎಲ್ಲರಿಗಿಂತ ದೊಡ್ಡದಾಗಿ ಲಗಮಪ್ಪ ನಗುತ್ತಿದ್ದ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಕಂಡು ನಗುವುದು ಎಂದರೆ ಅದೇ.

ಹೆಗ್ಗಣ ಇದ್ದದ್ದು ಅವನ ಬಾಯಲ್ಲಿ. ಅವನು ಬೂದಿಯಲ್ಲಿ ಹಲ್ಲು ತಿಕ್ಕಿ ಬೆಳೆದವನು, ಬ್ರಷ್ಷೆಂದರೆ ಪ್ಯಾಟಿಯವರ ಸೋಗು ಎನ್ನುವವನು. ಸುಣ್ಣ ತಂಬಾಕು ದವಡೆಗೆ ಒತ್ತಿದರೆ ಊಟದ ಹೊತ್ತಿನವರೆಗೂ ತೆಗೆಯುತ್ತಿರಲಿಲ್ಲ. ವಸಡಿನಿಂದ ರಕ್ತ ಕಾಣಿಸತೊಡಗಿದಾಗ ತಿಕ್ಕಿದ್ದಕ್ಕೇ ಹೀಗಾಯಿತೆಂದು ತಿಕ್ಕುವುದನ್ನೇ ಬಿಟ್ಟ. ಬಾಯಿ ಮುಕ್ಕಳಿಸಿ ಉಗುಳಿದರೆ ಮುಗಿಯಿತು. ಸಂದಿಯಲ್ಲಿ ರೊಟ್ಟಿ ಸಿಕ್ಕಿಕೊಂಡರೆ ಚುಚ್ಚಿ ತೆಗೆಯಲು, ಜಗಳಕ್ಕೂ ಮೊದಲೇ, ಮಗ್ಗದ ಮೊಳೆಗೆ ನೇತು ಬಿದ್ದಿದ್ದ ಒಂದು ತಂತಿ ಸಿಕ್ಕಿತ್ತು. ತುದಿ ಬಾಗಿದ್ದು, ಬುಡಕ್ಕೆ ಕೆಂಪು ದಾರ ಕಟ್ಟಿದ್ದು. ಯಾರಿಗೋ ಬೇಡವಾದ ತಂತಿ ಎಂದು ಅಂಗಿಯ ಕಿಸೆಗೆ ಹಾಕಿಕೊಂಡಿದ್ದ. ಪದ್ಮವ್ವನ ಪಾಳಿಗೆ ಈಗ ಗಿರಿಮಲ್ಲಪ್ಪ ಬಂದಿದ್ದ. ಅವನ ಬಾಯಲ್ಲಿ ಸದಾ ಗುಟಕಾ ಇದ್ದದ್ದರಿಂದ ಅವನಿಗೆ ಲೋಕದ ಯಾವ ನಾತವೂ ತಿಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಒಣಗಿದ ಕಟಕ ರೊಟ್ಟಿ ಕಡಿಯುವಾಗ ಮುಂದಿನ ಹಲ್ಲು ಅಲುಗಿತು, ಬಾಯಿ ತುಂಬ ರಕ್ತ ಬಂತು. ಹೆಂಡತಿ ಶಿವಗಂಗವ್ವ ಇದಕ್ಕೇ ಕಾದಿದ್ದವಳಂತೆ ಸೀರೆ ಬದಲಿಸಿ ನಿಂತಳು. ಅವನು ಎಷ್ಟು ಕೊಸರಾಡಿದರೂ ಕೇಳದೆ ಜಮಖಂಡಿಯ ಬಸ್ಸು ಹತ್ತಿಸಿದಳು.

ಹಲ್ಲಿನ ಡಾಕ್ಟರು ಮೃಣ್ಮಯಿ ಅವನ ಮಗಳ ವಯಸ್ಸಿನವಳು. ಅವನು ಬಾಯಿ ತೆರೆದ ಕೂಡಲೇ ನರ್ಸಮ್ಮ ಎದ್ದು ಹೋಗಿ ಕಿಟಕಿ ತೆರೆದಳು. ಲಗಮಪ್ಪ ಅದನ್ನು ನೋಡಿದ. ಡಾಕ್ಟರು ಸಣ್ಣ ಸಲಾಕೆ ಇಳಿಸಿ ಹಲ್ಲಿನ ಬುಡ ಅಳೆದಳು. ವಸಡು ಹಲ್ಲನ್ನು ಬಿಟ್ಟು ಜೋಳಿಗೆಯಾಗಿದೆ, ಅದರೊಳಗೆ ಕೊಳೆ ಗಾರೆಯಂತೆ ಗಟ್ಟಿ ಕಟ್ಟಿದೆ, ಎಲುಬು ಸವೆದಿದೆ ಎಂದಳು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವಂತಲ್ಲ ಎಂದು ಅವನು ತಡವರಿಸಿದ. ಆ ಗಾರೆಯೇ ಸಡಿಲು ಮಾಡಿದ್ದು, ತೆಗೆದರೆ ಉಳಿದದ್ದಾದರೂ ಉಳಿಯುತ್ತವೆ ಎಂದಳು. ಯಾವುದರಿಂದ ಚುಚ್ಚಿಕೊಳ್ಳುತ್ತೀರಿ ಎಂದು ಕೇಳಿದಾಗ ಅವನು ಕಿಸೆಯಿಂದ ಕೆಂಪು ದಾರದ ತಂತಿ ತೆಗೆದು ತೋರಿಸಿದ. ಇದನ್ನು ಇನ್ನು ಹಲ್ಲಿಗೆ ಮುಟ್ಟಿಸಲೇಬೇಡಿ ಎಂದಳು ಡಾಕ್ಟರು.

"ಕಾಕಾ, ಸಿಟ್ಟಾಗಬ್ಯಾಡ್ರಿ," ಎಂದಳು ಆಮೇಲೆ. "ಈ ವಾಸನಿ ನಿಮಗ ಗೊತ್ತಾಗೂದಿಲ್ಲ. ನಿಮ್ಮ ಹತ್ತರ ಇದ್ದವರು ಭಾಳ ದಿನದಿಂದ ತಡಕೊಂಡಿರಬೇಕು."

ಅವಳು ಸಿಟ್ಟಿನಿಂದ ಹೇಳಿದ್ದರೆ ಅವನು ಎದುರು ಮಾತಾಡುತ್ತಿದ್ದ. ಮರುಕದಿಂದ ಹೇಳಿದಳು. ಬಾಯಿ ತೆರೆದುಕೊಂಡೇ ಮಲಗಿದ್ದವನಿಗೆ ಸೆರಗಿನಿಂದ ಲಾಳಿ ಉಜ್ಜುವ ಪದ್ಮವ್ವ ಕಣ್ಣ ಮುಂದೆ ಬಂದಳು. ನೇಮವಲ್ಲ ಅದು. ಭೂಮಿ ಬಾಯಿ ಬಿಟ್ಟರೆ ಆ ಕುರ್ಚಿ ಸಮೇತ ಇಳಿದುಹೋಗುತ್ತಿದ್ದ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡೇ ಕೇಳಿದ.

"ನಿನಗೂ ಗೊತ್ತಿತ್ತೇನು?"

ಶಿವಗಂಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಗೊತ್ತಿಲ್ಲದ ಏನ್ರಿ? ಮಗ್ಗಲ ಬದಲಿಸಿ ಮಲಗತಿದ್ನಿ. ಗಂಡಗ ಹೆಂಗ ಹೇಳೂದು ಅದನ್ನ? ಪದ್ಮಕ್ಕನ ನಳದ ಹತ್ತರ ಬಂದು ಹೇಳಿದ್ಲು, ನಿಮ್ಮನ್ಯಾವ್ರನ್ನ ಡಾಕ್ಟರ ಕಡೆ ಕರಕೊಂಡ ಹೋಗವ್ವಾ, ನಾ ಹೇಳೇನಂತ ಹೇಳಬ್ಯಾಡ, ನಾಚತಾರ ಅಂತ."

ಅದು ಜಗಳಕ್ಕೂ ಮೊದಲಿನ ಮಾತೋ ಆಮೇಲಿನದೋ ಎಂದು ಅವನು ಕೇಳಿದ. ಮೊದಲೂ ಬಂದಿದ್ದಳು, ಆಮೇಲೂ ಬಂದಿದ್ದಳು ಎಂದಳು ಶಿವಗಂಗವ್ವ.

ಚಿಕಿತ್ಸೆಗೆ ತಪ್ಪದೆ ಹೋದ. ಮೊದಲು ಮೇಲಿನ ಗಾರೆ ತೆಗೆದರು, ಆಮೇಲೆ ಮರಗಟ್ಟಿಸುವ ಸೂಜಿ ಚುಚ್ಚಿ ವಸಡಿನ ಒಳಗೂ ಕೆರೆದರು. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ವಾರೆಯಾಗಿ ಹಿಡಿದು ಹಗೂರಕ್ಕೆ ಆಡಿಸುವುದು, ಸಂದಿಗೆ ಸಣ್ಣ ಬ್ರಷ್ಷು ಹಾಕುವುದು, ಮಲಗುವ ಮುಂಚೆ ತಿಕ್ಕದೆ ಹಾಸಿಗೆಗೆ ಹೋಗದಿರುವುದು, ಎಲ್ಲವನ್ನೂ ಸಾಲಿಯ ಹುಡುಗನಂತೆ ಕಲಿತ. ತಂಬಾಕಿನ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟ. ಕಣ್ಣು ತಪ್ಪಿಸಿ ಎರಡು ಸಲ ಅದನ್ನು ಹುಡುಕಿದ್ದೂ ಉಂಟು, ಸುಳ್ಳೇಕೆ ಹೇಳಬೇಕು. ವಸಡಿನ ರಕ್ತ ನಿಂತಿತು.

ಆದರೆ ಶೆಡ್ಡಿನಲ್ಲಿ ಮಾತ್ರ ಅವನು ಮೂಗನಾದ. ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದ. ಬಾಯಿ ಸ್ವಚ್ಛವಾಯಿತಲ್ಲ, ಇನ್ನು ಹೇಳುವುದೇನಿದೆ ಎಂದೂ ಅಂದುಕೊಳ್ಳುತ್ತಿದ್ದ. ಕಂಡಿಕಿಯ ಬುಟ್ಟಿ ತರಲು ಮೂಲೆಗೆ ಹೋದಾಗ ಪದ್ಮವ್ವ ತಲೆ ಎತ್ತುತ್ತಿರಲಿಲ್ಲ, ಅವನೂ ನೋಡುತ್ತಿರಲಿಲ್ಲ. ಕಳ್ಳನೇ ವಾಸಿ, ಅವನು ಓಡಿಯಾದರೂ ಹೋಗುತ್ತಾನೆ. ಇವನು ದಿನಾ ಅಲ್ಲಿಗೇ ಬರಬೇಕಿತ್ತು.

ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಕರೆಂಟು ಹೋಯಿತು. ಎರಡೂ ಪಾಳಿಯವರು ಚಹಾ ಹಿಡಿದು ನಿಂತಿದ್ದರು. ಪದ್ಮವ್ವ ಕಂಡಿಕಿಯ ಬುಟ್ಟಿ ಹೊತ್ತು ನಡುವೆ ಹಾಯ್ದಳು. ಗಿರಿಮಲ್ಲಪ್ಪ ತನ್ನ ಕಪ್ಪನ್ನು ಎತ್ತರಕ್ಕೆ ಹಿಡಿದು, "ಸರೀರೀ, ಎಂಜಲ ಸಿಡಿದೀತು, ಅಮ್ಮಾರು ಮತ್ತ ಜಳಕಾ ಮಾಡಬೇಕಾದೀತು," ಎಂದ. ಎಲ್ಲರೂ ನಕ್ಕು, ರೂಢಿಯಂತೆ ಲಗಮಪ್ಪನ ನಗುವಿಗಾಗಿ ಅವನ ಕಡೆ ನೋಡಿದರು. ಪದ್ಮವ್ವ ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಗೋಡೆಗೆ ಸರಿದು ನಡೆದಳು. ಆ ಸರಿದದ್ದನ್ನು ಅವನಿಗೆ ನೋಡಲಾಗಲಿಲ್ಲ.

"ನನ್ನ ಬಾಯಿ ನಾರತಿತ್ತು," ಎಂದ.

ಯಾರಿಗೂ ತಿಳಿಯಲಿಲ್ಲ. ಅವನು ಮತ್ತೆ ಹೇಳಿದ. ಮುಖ ಕಾದು ಕೆಂಪಾಗಿತ್ತು, ಕಣ್ಣು ನೆಲ ಬಿಟ್ಟು ಏಳಲಿಲ್ಲ. "ಆಕಿಗೆ ನೇಮ ಇರಲಿಲ್ಲ. ನನ್ನ ವಸಡ ಕೊಳತಿದ್ದವು. ಲಾಳಿಗೆ ರಕ್ತ ಹತ್ತತಿತ್ತು, ನಾತ ಹತ್ತತಿತ್ತು. ಆಕಿ ಒರಸಿದ್ಲು. ನಿಮ್ಮ ಮುಂದ ನನ್ನ ಮಾನ ಹೋಗಬಾರದಂತ ತನ್ನ ಮಾನ ಕೊಟ್ಲು. ನಗೂದಿದ್ರ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಗಿರಿಮಲ್ಲಪ್ಪ ಮೆಲ್ಲಗೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿ ಮೂಸಿಕೊಂಡ. ಬಸಗೊಂಡಪ್ಪ ಗಂಟಲು ಸರಿಮಾಡಿಕೊಂಡು, ಆಯಿತು, ಪದ್ಮವ್ವ ಇವತ್ತಿನಿಂದ ತನ್ನ ಮಗ್ಗಕ್ಕೇ ನಿಲ್ಲಲಿ ಎಂದ. ಒಬ್ಬೊಬ್ಬರೇ ಅಲ್ಲಿಂದ ಜಾರಿದರು.

ಪದ್ಮವ್ವ ಬುಟ್ಟಿ ಇಳಿಸಿ ಮಗ್ಗದ ಹತ್ತಿರ ಬಂದಳು. ತನ್ನ ಹಸಿರು ದಾರದ ಕೊಕ್ಕಿಯನ್ನು ಚೀಲದಿಂದ ತೆಗೆದು ಮಗ್ಗದ ಮೊಳೆಗೆ ತೂಗುಹಾಕಿದಳು. ಲಗಮಪ್ಪ ಅದನ್ನು ನೋಡಿದ. ಅದೇ ತಂತಿ, ಅದೇ ಬಾಗು, ಅದೇ ಗಂಟು. ಅವನ ಕೈ ತಾನಾಗಿ ಕಿಸೆಗೆ ಹೋಯಿತು. ಡಾಕ್ಟರು ಬೇಡವೆಂದ ಮೇಲೆ ಹಲ್ಲಿಗೆ ಹಾಕಿರಲಿಲ್ಲ, ಎಸೆದೂ ಇರಲಿಲ್ಲ. ಕೆಂಪು ದಾರ ಕಪ್ಪಿಟ್ಟಿತ್ತು.

"ಇದೂ ನೀವ ಮಾಡಿದ್ದೇನ್ರಿ?"

"ಎರಡ ಮಾಡಿದ್ನಿ," ಎಂದಳು. "ಹಸರದು ನನಗ, ಕೆಂಪದು ನಿಮಗ. ಹೇಳಾಕ ಬಾಯಿ ಬರಲಿಲ್ಲ. ಕಂಡ್ರ ನೀವ ತಿಳಕೊಂತೀರಂತ ಮೊಳಿಗೆ ಹಾಕಿದ್ನಿ."

ಅದು ಇಷ್ಟು ದಿನ ಅವನ ಎದೆಯ ಮೇಲಿನ ಕಿಸೆಯಲ್ಲೇ ಇತ್ತು. ಜಗಳದ ದಿನವೂ ಇತ್ತು. ನಕ್ಕಾಗಲೆಲ್ಲ ಇತ್ತು. ತಾನು ಅದರಿಂದ ಏನು ಮಾಡಿದೆನೆಂದು ಹೇಳಿದ. ಊರ ಮುಂದೆ ಹೇಳಿದ್ದಕ್ಕಿಂತ ಇದನ್ನು ಅವಳೊಬ್ಬಳ ಮುಂದೆ ಹೇಳುವುದು ಕಷ್ಟವಾಯಿತು. ಪದ್ಮವ್ವ ಆ ತಂತಿಯನ್ನು ಅವನ ಕೈಯಿಂದ ತೆಗೆದುಕೊಂಡು ಕಸದ ಡಬ್ಬಿಗೆ ಹಾಕಿದಳು. ಮರುದಿನ ಮುಂಜಾನೆ ಅವನು ಬಂದಾಗ ಮೊಳೆಯ ಮೇಲೆ ಹೊಸ ಕೊಕ್ಕಿ ಇತ್ತು. ಹೊಸ ಕೆಂಪು ದಾರ ಕಟ್ಟಿತ್ತು.

ಪಾಳಿ ಬಿಡುವ ಹೊತ್ತಿಗೆ ಪದ್ಮವ್ವ ಬಂದಳು. ಅವನು ಲಾಳಿಯನ್ನು ಟವೆಲ್ಲಿನಿಂದ ಚೆನ್ನಾಗಿ ಒರೆಸಿ, ದೂರದಿಂದಲೇ ಕೈ ಚಾಚಿ ಕೊಡಹೋದ. ಅವಳು ಹತ್ತಿರ ಬಂದು ನಿಂತು ತೆಗೆದುಕೊಂಡಳು, ಮುಖ ತಿರುಗಿಸಲಿಲ್ಲ.

"ಇದು ಲಾಳಿಗೆ ಅಷ್ಟ, ಅಣ್ಣಾ," ಎಂದಳು ಮೊಳೆಯ ಮೇಲಿನ ಕೊಕ್ಕಿಯ ಕಡೆ ನೋಡುತ್ತ, "ಹಲ್ಲಿಗಲ್ಲ."